ಮುದ್ದೆಯ ಹಲ್ಲು, ಡಾಕ್ಟ್ರಮ್ಮನ ಬೆರಳು

ಕೆಲಸ ಮುಗಿದ ಮೇಲೆ "ಸಾಕಾಯ್ತು" ಅನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಕೆಲಸ ಶುರುಮಾಡುವ ಮೊದಲೇ ಅನ್ನುತ್ತಿದ್ದವರು ಅವರೊಬ್ಬರೇ. ಕೊಟ್ಟಿಗೆಯಲ್ಲಿ ಒಂದು ಬಕೆಟ್ಟನ್ನು ಬೋರಲು ಹಾಕಿಸಿಕೊಂಡು, ಅದರ ಮೇಲೆ ಕೂತು, "ಸಾಕಾಯ್ತು ಕಣ್ರಪ್ಪ" ಎಂದು ಒಂದು ಸಲ ಉಸಿರು ಬಿಟ್ಟರೆ ಆಮೇಲೆ ಎರಡು ಗಂಟೆ ಹಸುವಿನ ಹಿಂದಿನಿಂದ ಕದಲುತ್ತಿರಲಿಲ್ಲ. ಹೊಸಬರು, ಇವರು ಈಗ ಕೈ ತೊಳೆದು ಹೊರಟೇಬಿಡುತ್ತಾರೆ ಎಂದು ಗಾಬರಿಯಾಗುತ್ತಿದ್ದರು. ಹಳಬರು ಮಾತ್ರ ಆ ಮಾತು ಕಿವಿಗೆ ಬಿದ್ದ ಮೇಲೆ ನೆಮ್ಮದಿಯಾಗಿ ಬೀಡಿ ಹಚ್ಚುತ್ತಿದ್ದರು.

ನಮ್ಮ ಕಡೆ ಅವರ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ದನದ ಡಾಕ್ಟ್ರಮ್ಮ ಅನ್ನಬೇಕು. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ ಎಂದು ಮೂರು ತಾಲ್ಲೂಕಿನ ಪಶು ಆಸ್ಪತ್ರೆಗಳಲ್ಲಿ ದುಡಿದು, ನಿವೃತ್ತರಾಗಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಮನೆ ಮಾಡಿಕೊಂಡಿದ್ದರು. ಹೋದ ತಿಂಗಳು ತೀರಿಕೊಂಡರು. ಸುದ್ದಿ ತಂದವನು ನಮ್ಮೂರ ಡೈರಿಯ ಕಾರ್ಯದರ್ಶಿ. ಹಿಂಡಿ ಮೂಟೆ ಒಯ್ಯಲು ಅಂಗಡಿಗೆ ಬಂದವನು, ಮೂಟೆ ಎತ್ತಿ ಹೆಗಲಿಗಿಟ್ಟುಕೊಂಡ ಮೇಲೆ, ಹೋಗುತ್ತಾ ಹೋಗುತ್ತಾ ಹೇಳಿದ. ಭಾರ ಹೊತ್ತುಕೊಂಡು ಅಂಥ ಮಾತು ಹೇಳಬಾರದು. ಕೇಳಿದವನು "ಹೇಗೆ, ಯಾವಾಗ" ಎಂದು ನಿಲ್ಲಿಸಿಕೊಳ್ಳುವ ಹಾಗೂ ಇರುವುದಿಲ್ಲ.

ನಾನು ಪಾಂಡವಪುರದಲ್ಲಿ ಬೂಸಾ, ಹಿಂಡಿ, ಫೀಡು ಮಾರುವವನು. ಅದಕ್ಕೂ ಮೊದಲು ಸಂತೆಗಳಲ್ಲಿ ದನದ ದಲ್ಲಾಳಿ. ಓದಿದ್ದು ಆರನೇ ಕ್ಲಾಸು. ಮಿಕ್ಕಿದ್ದೆಲ್ಲ ದನದ ಬಾಯಿ ತೆರೆದು ಕಲಿತದ್ದು. ಎರಡು ಹಲ್ಲಾಗಿದೆಯೋ, ನಾಲ್ಕೋ, ಎಲ್ಲ ಹಲ್ಲೂ ಬಂದು ಬಾಯಿ ಕೂಡಿದೆಯೋ, ಎಲ್ಲವನ್ನೂ ತುಟಿ ಎತ್ತಿದ ಕೂಡಲೇ ಹೇಳುತ್ತಿದ್ದೆ. ಹಾಗೆ ಹೇಳಬಲ್ಲವನಿಗೆ ಅದನ್ನು ಮುಚ್ಚಿಡುವುದೂ ಗೊತ್ತಿರುತ್ತದೆ. ಕೆ.ಆರ್. ಪೇಟೆ ಸಂತೆಯಲ್ಲಿ ಒಂದು ಸಲ ಮುದಿ ಹಸುವಿನ ಸವೆದ ಹಲ್ಲಿಗೆ ಅರ ಹಾಕಿ ಉಜ್ಜಿ, ಪ್ರಾಯದ ಹಸುವೆಂದು ನಿಲ್ಲಿಸಿದ್ದೆ. ಲಸಿಕೆ ಹಾಕಲು ಬಂದಿದ್ದ ಡಾಕ್ಟ್ರಮ್ಮ, ಆಗಿನ್ನೂ ವಯಸ್ಸಿನವರು, ಹಸುವಿನ ತುಟಿ ಎತ್ತಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಕೂಗಾಡಲಿಲ್ಲ.

"ಹಲ್ಲು ಸುಳ್ಳು ಹೇಳಲ್ಲ ಕಣ್ರಿ. ತೋರ್ಸೋನು ಹೇಳ್ತಾನೆ" ಅಂದರು.

ಪೊಲೀಸಿಗೆ ಹೇಳುತ್ತಾರೋ, ಕೊಳ್ಳಲು ನಿಂತಿದ್ದ ರೈತನಿಗೆ ಹೇಳುತ್ತಾರೋ ಎಂದು ನನಗೆ ಬೆವರು. ಅವರು ಕೇಳಿದ ದಂಡವೇ ಬೇರೆ. ಹಸುವನ್ನು ಅಲ್ಲಿಂದ ಹೊಡೆದುಕೊಂಡು ಹೋಗಬೇಕು, ಮತ್ತು ದಲ್ಲಾಳಿಗಳ ಬೆರಳ ಭಾಷೆಯನ್ನು ತಮಗೆ ಕಲಿಸಬೇಕು. ಸಂತೆಯಲ್ಲಿ ಯಾರು ಯಾರಿಗೆ ಮೋಸ ಮಾಡುತ್ತಿದ್ದಾರೆ ಎಂದು ತಿಳಿಯದೆ ಅವರಿಗೆ ಸಾಕಾಗಿತ್ತಂತೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಹೆಗಲ ಟವಲ್ಲನ್ನು ಇಬ್ಬರ ಕೈ ಮೇಲೆ ಹಾಕಿಕೊಂಡು, ಅದರ ಕೆಳಗೆ ಒಬ್ಬ ಇನ್ನೊಬ್ಬನ ಬೆರಳು ಹಿಡಿಯುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಪೂರ್ತಿ ಕೈ ಹಿಡಿದರೆ ಐದು, ಕೈ ಹಿಡಿದು ಬಿಟ್ಟು ಮತ್ತೆ ಎರಡು ಬೆರಳು ಹಿಡಿದರೆ ಏಳು. ಒಪ್ಪದಿದ್ದರೆ ಇವನು ತಿರುಗಿ ಅವನ ಬೆರಳು ಹಿಡಿಯಬೇಕು. ಎದುರಿನವನ ಐದೂ ಬೆರಳು ಮಡಿಸಿ ಮುಷ್ಟಿ ಮುಚ್ಚಿದರೆ ಅಲ್ಲಿಗೆ ಮುಗಿಯಿತು: ಇದು ವ್ಯಾಪಾರಕ್ಕಲ್ಲ, ದನ ಹೊಡ್ಕೊಂಡು ಮನೆಗೆ ಹೋಗು. ಪಕ್ಕದಲ್ಲಿ ನಿಂತ ಮೂರನೆಯವನು ಎಷ್ಟಾಯಿತೆಂದು ಕೇಳುವ ಹಾಗಿಲ್ಲ. ಒಬ್ಬ ಹೆಂಗಸಿಗೆ ಇದನ್ನು ಕಲಿಸುವುದು ಹೇಗೆಂದು ನಾನು ಹಿಂಜರಿದಾಗ ಡಾಕ್ಟ್ರಮ್ಮ ತಾವೇ ಕೈ ಚಾಚಿದರು. "ನಾಚ್ಕೋಬೇಡಿ. ಎಮ್ಮೆ ಹೊಟ್ಟೆಗೆ ಭುಜದ ತನಕ ಹೋಗಿ ಬಂದಿರೋ ಕೈ ಇದು."

ಅವರು ನನ್ನ ಅಂಗಡಿಯಲ್ಲಿ ತಮ್ಮ ಹಸುವಿಗೆ ಹಿಂಡಿ ಕೊಳ್ಳುತ್ತಿದ್ದರು. ನಾನು ಬಿಟ್ಟುಕೊಡಲು ಹೋದರೆ ಒಪ್ಪುತ್ತಿರಲಿಲ್ಲ, ಚೌಕಾಸಿಯನ್ನೂ ಮಾಡುತ್ತಿರಲಿಲ್ಲ. ಇಂಥವರ ಜೊತೆ ವ್ಯಾಪಾರ ಬಲು ಕಷ್ಟ, ಹಿಡಿಯಲು ತುದಿಯೇ ಸಿಗುವುದಿಲ್ಲ. ಒಂದು ಅಭ್ಯಾಸ ಮಾತ್ರ ಚೆನ್ನಾಗಿ ನೆನಪಿದೆ. ನಾಯಿಮರಿ, ಕುರಿಮರಿ, ಏನೇ ಸಣ್ಣ ಪ್ರಾಣಿ ತಂದರೂ ಮುಟ್ಟುವ ಮೊದಲು ಎರಡೂ ಕೈಯನ್ನು ಕಂಕುಳಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತಿದ್ದರು. ತಣ್ಣನೆಯ ಕೈ ಸೋಕಿದರೆ ಪ್ರಾಣಿಯ ಅರ್ಧ ಧೈರ್ಯ ಅಲ್ಲೇ ಹೋಗುತ್ತದೆ ಅನ್ನುತ್ತಿದ್ದರು. ನೋಡಿದವರಿಗೆ, ಇವರಿಗೇ ಚಳಿಜ್ವರ ಬಂದ ಹಾಗೆ ಕಾಣುತ್ತಿತ್ತು.

ಅವರನ್ನು ನಾನು ನಿಜವಾಗಿ ಕಂಡದ್ದು ನಮ್ಮ ಮುದ್ದೆಯಿಂದ. ಮುದ್ದೆ ನನ್ನ ಹೆಂಡತಿಯ ಮೊಲ. ರಾಗಿ ಬಣ್ಣ, ಕಾಲು ಮಡಿಸಿ ಕೂತರೆ ತಟ್ಟೆಗೆ ಹಾಕಿದ ಮುದ್ದೆಯೇ. ನಮಗೆ ಮಕ್ಕಳಿಲ್ಲ. ಯಾರೋ ಗಿರಾಕಿ ಫೀಡು ಒಯ್ಯಲು ಬಂದಾಗ ಬುಟ್ಟಿಯಲ್ಲಿ ತಂದು ಬಿಟ್ಟುಹೋದ ಮರಿ ಅದು. ಅವಳು ಅಡುಗೆ ಮಾಡುವಾಗ ಒಲೆಕಟ್ಟೆಯ ಕೆಳಗೆ, ಮಲಗಿದಾಗ ಅವಳ ಕಾಲಬುಡದಲ್ಲಿ. ನಾನು ಮನೆಗೆ ಬಂದರೆ ಹಿಂಗಾಲು ನೆಲಕ್ಕೆ ಬಡಿದು ಅವಳಿಗೆ ಸುದ್ದಿ ಮುಟ್ಟಿಸುತ್ತಿತ್ತು. ನನ್ನ ಲೆಕ್ಕದಲ್ಲಿ ಅದನ್ನು ನಾನು ರಾಜನ ಹಾಗೆ ಸಾಕಿದ್ದೆ. ಅಂಗಡಿಯ ಮೇಲ್ದರ್ಜೆಯ ಫೀಡು, ಹಿಂಡಿ, ಮೇಲೆ ಒಂದು ಚೂರು ಬೆಲ್ಲ. ತಾಲ್ಲೂಕಿಗೆಲ್ಲ ಮೇವು ಮಾರುವವನ ಮನೆಯಲ್ಲಿ ಬರೀ ಹುಲ್ಲು ತಿನ್ನುವ ಪ್ರಾಣಿಯೇ ಅಂದುಕೊಂಡಿದ್ದೆ.

ಎಂಟು ವರ್ಷ ಹೀಗೇ ನಡೆಯಿತು. ಮೊಲಕ್ಕೆ ಎಂಟೆಂದರೆ ನಮ್ಮ ಅರವತ್ತಂತೆ. ಆಗ ಮುದ್ದೆಯ ಗದ್ದ ಒದ್ದೆಯಾಗತೊಡಗಿತು. ಮೇವನ್ನು ಬಾಯಿಗೆ ತೆಗೆದುಕೊಂಡು ಹಾಗೇ ಕೆಳಗೆ ಬಿಡುತ್ತಿತ್ತು. ಹಿಕ್ಕೆ ಮೆಣಸಿನ ಕಾಳಿನಷ್ಟಾಯಿತು. ಹೆಂಡತಿ, ಹಲ್ಲೇನೋ ಆಗಿರಬೇಕು ನೋಡಿ ಅಂದಳು. ನಾನು ಎತ್ತಿಗೆ ಮಾಡುವ ಹಾಗೆ ತುಟಿ ಎತ್ತಿ ಮುಂದಿನ ಹಲ್ಲು ನೋಡಿ, ಬಂಗಾರದ ಹಲ್ಲು, ಏನೂ ಆಗಿಲ್ಲ ಎಂದು ತೀರ್ಪು ಕೊಟ್ಟೆ. ತಿನ್ನಲು ಸುಲಭವಾಗಲೆಂದು ಫೀಡನ್ನು ನೆನೆಸಿ, ಇನ್ನಷ್ಟು ಬೆಲ್ಲ ಬೆರೆಸಿ ಇಟ್ಟೆ. ಹತ್ತು ದಿನ ಹೀಗೆ ಕಳೆದೆ. ಜಿಲ್ಲೆಯ ಅರ್ಧ ದನಗಳ ಬಾಯಿ ನೋಡಿದವನ ತಪ್ಪು ಇದು. ಏನೂ ತಿಳಿಯದವನಾಗಿದ್ದರೆ ಮೊದಲ ದಿನವೇ ಆಸ್ಪತ್ರೆಗೆ ಒಯ್ಯುತ್ತಿದ್ದ.

ಡಾಕ್ಟ್ರಮ್ಮ ಆಗ ಪಾಂಡವಪುರದ ಆಸ್ಪತ್ರೆಯಲ್ಲಿದ್ದರು, ನಿವೃತ್ತಿಗೆ ಸ್ವಲ್ಪವೇ ಕಾಲ ಉಳಿದಿತ್ತು. ಸಾಕಾಯ್ತು ಎಂದು ಕೂತು, ಕೈ ಬೆಚ್ಚಗೆ ಮಾಡಿಕೊಂಡು, ಮುದ್ದೆಯನ್ನು ತೊಡೆಯ ಮೇಲೆ ಟವಲ್ಲಿನಲ್ಲಿ ಸುತ್ತಿ ಹಿಡಿದು, ಕಿವಿ ನೋಡುವ ದೀಪದ ಕೊಳವೆಯನ್ನು ಬಾಯಿಯ ಪಕ್ಕದಿಂದ ಒಳಗೆ ಬಿಟ್ಟರು. ಬಹಳ ಹೊತ್ತು ನೋಡಿದರು. ದವಡೆ ಹಲ್ಲು ಒಳಮುಖವಾಗಿ ಮುಳ್ಳಿನ ಹಾಗೆ ಬೆಳೆದು ನಾಲಿಗೆಯನ್ನು ಕೊಯ್ಯುತ್ತಿತ್ತು.

"ಏನ್ ತಿನ್ನಿಸ್ತಿದ್ರಿ?"

ನಾನು ಹೆಮ್ಮೆಯಿಂದ ಪಟ್ಟಿ ಒಪ್ಪಿಸಿದೆ. ಅವರು ದೀಪ ಆರಿಸಿದರು.

"ಮೊಲದ ಹಲ್ಲು ಸಾಯೋ ತನಕ ಬೆಳೀತಾನೇ ಇರುತ್ತೆ ಸಾವ್ಕಾರ್ರೆ. ಹುಲ್ಲು ಅಗಿದ್ರೆ ಸವೆಯೋದು. ನೀವು ಅಗಿಯೋ ಕೆಲ್ಸಾನೇ ಕೊಡ್ಲಿಲ್ಲ, ಮನೆ ಅಳಿಯನ್ನ ಸಾಕ್ದಂಗೆ ಸಾಕ್ಬುಟ್ರಿ." ದಣಿದ ದನಿಯಲ್ಲೇ, "ಅವತ್ತು ಹಸು ಹಲ್ಲಿಗೆ ಅರ ಹಾಕಿದ್ರಿ. ಈಗ ನಿಮ್ಮನೆ ಮೊಲಕ್ಕೇ ಅರ ಹಾಕೋ ಕಾಲ ಬಂತು ನೋಡಿ" ಅಂದರು.

ಹಾಗಾದರೆ ಇಬ್ಬರು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇವೆ, ಉಜ್ಜಿಬಿಡಿ ಅಂದೆ. ಆಗುವುದಿಲ್ಲವಂತೆ. ಎಚ್ಚರವಿರುವ ಮೊಲವನ್ನು ಅದುಮಿ ಹಿಡಿದರೆ ಒದರಿಕೊಂಡು ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳುತ್ತದೆ, ಇಲ್ಲವೆ ಹೆದರಿಯೇ ಪ್ರಾಣ ಬಿಡುತ್ತದೆ. ಮದ್ದು ಕೊಟ್ಟು ಮತ್ತು ಬರಿಸಲೇಬೇಕು. ಆದರೆ ತಮ್ಮಲ್ಲಿರುವುದು ಎತ್ತು ಕೆಡವುವ ಮದ್ದು, ಮುದಿ ಮೊಲಕ್ಕೆ ಅದನ್ನು ತಾವು ಮುಟ್ಟಿಸುವುದಿಲ್ಲ. ಮೈಸೂರಿನಲ್ಲಿ ತಮ್ಮ ಕೈಕೆಳಗೆ ಕಲಿತ ಹುಡುಗಿ ಒಬ್ಬಳು ಈಗ ಡಾಕ್ಟರಾಗಿದ್ದಾಳೆ, ಗಾಳಿಯಲ್ಲಿ ಮತ್ತು ಕೊಡುವ ಯಂತ್ರ ಅವಳ ಹತ್ತಿರ ಇದೆ, ಅಲ್ಲಿಗೆ ತಾವೂ ಬರುತ್ತೇವೆ ಅಂದರು. ರಕ್ತ ಪರೀಕ್ಷೆ ಆಯಿತು, ತೂಕ ಆಯಿತು. ದಿನ ಗೊತ್ತಾಯಿತು.

ಆ ದಿನ ಬೆಳಿಗ್ಗೆ ಬುಟ್ಟಿ ಸಮೇತ ಆಸ್ಪತ್ರೆಯ ಮುಂದೆ ನಿಂತೆವು. ಡಾಕ್ಟ್ರಮ್ಮ ಗಾಡಿ ಹತ್ತುವ ಮೊದಲು, ಏನು ತಿಂತು ಎಂದು ಕೇಳಿದರು. ಹೆಂಡತಿಯ ಕಣ್ಣಿನ ಆಪರೇಷನ್ನಿಗೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. "ನಿನ್ನೆ ಸಂಜೆಯಿಂದ ನೀರೂ ಮುಟ್ಸಿಲ್ಲ ಡಾಕ್ಟ್ರಮ್ಮ" ಅಂದೆ. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಮೊಲಕ್ಕೆ ವಾಂತಿಯಾಗುವುದಿಲ್ಲ, ಉಪವಾಸ ಹಾಕಿದರೆ ಕರುಳು ನಿಂತುಹೋಗುತ್ತದೆ, ನಿಂತ ಕರುಳಿಗೆ ಮತ್ತು ಕೊಟ್ಟರೆ ಏಳುವುದೇ ಇಲ್ಲ ಎಂದು ಆಮೇಲೆ ತಿಳಿಸಿದರು. ಅವತ್ತು ಮೈಸೂರಿಲ್ಲ. ಅಲ್ಲೇ ಕೂತು, ಹುಲ್ಲನ್ನು ಅರೆದು ಮಾಡಿದ ಗಂಜಿಯನ್ನು ಸೂಜಿ ತೆಗೆದ ಸಿರಿಂಜಿನಲ್ಲಿ ಹನಿಹನಿಯಾಗಿ ಬಾಯಿಗೆ ಬಿಟ್ಟರು. ಮಧ್ಯಾಹ್ನದವರೆಗೆ ಹೊರಗೆ ಹಸುಗಳು ಕಾದವು. ಮೊಲ ಸಾಕಿದವರು ಈ ಮಾತನ್ನು ಗೋಡೆಗೆ ಬರೆದುಕೊಳ್ಳಿ: ನಮ್ಮ ನಿಯಮ ಅದಕ್ಕಲ್ಲ.

ಎರಡು ದಿನ ಬಿಟ್ಟು ಮತ್ತೆ ಹೊರಟೆವು. ಮೈಸೂರಿನ ಆ ಕ್ಲಿನಿಕ್ಕಿನ ಬೆಂಚಿನ ಮೇಲೆ ಹೆಂಡತಿ ಮುದ್ದೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಒಪ್ಪಿಗೆ ಕಾಗದಕ್ಕೆ ಸಹಿ ಮಾಡಬೇಕಿತ್ತು. ಮಾಡಿದರೆ ಏಳದೇ ಹೋಗಬಹುದು, ಮಾಡದಿದ್ದರೆ ನಾಲಿಗೆ ನೋವಿಗೆ ತಿನ್ನದೆ ಸಾಯುವುದು ಖಂಡಿತ. ನಾನು ಡಾಕ್ಟ್ರಮ್ಮನನ್ನು ಪಕ್ಕಕ್ಕೆ ಕರೆದು, ಉಳಿಯುವ ಆಸೆ ಹತ್ತಕ್ಕೆ ಎಷ್ಟು ಎಂದು ಕೇಳಿದೆ. ಅವರು ಹೆಂಡತಿಯ ಕಡೆ ನೋಡಿದರು. ಬಾಯಲ್ಲಿ ಹೇಳಲು ಮನಸ್ಸು ಬರಲಿಲ್ಲ.

"ಮತ್ತು ಕೊಡೋದು ನಮ್ ಕೈಲಿದೆ, ಮತ್ತೆ ಎಬ್ಬಿಸೋದು ಅಷ್ಟಿಲ್ಲ" ಅಂದರು. ಆಮೇಲೆ, "ತನ್ನಿ ನಿಮ್ ಟವಲ್ಲು."

ಟವಲ್ಲಿನ ಕೆಳಗೆ ಪೂರ್ತಿ ಕೈ ಹಿಡಿದರು. ಬಿಟ್ಟು, ಎರಡು ಬೆರಳು ಹಿಡಿದರು. ಏಳು. ನಾನು ಸುಮ್ಮನಿರಬೇಕಿತ್ತು. ಆದರೆ ಮೂವತ್ತು ವರ್ಷದ ಚಾಳಿ, ನನ್ನ ಕೈ ತಾನಾಗಿ ತಿರುಗಿ ಅವರ ಬೆರಳು ಹಿಡಿದು ಒಂಬತ್ತು ಕೇಳಿತು. ಡಾಕ್ಟ್ರಮ್ಮ ಕೈ ಎಳೆದುಕೊಂಡರು.

"ಇದ್ರಲ್ಲಿ ಚೌಕಾಸಿ ಇಲ್ಲ ಸಾವ್ಕಾರ್ರೆ."

ಹೆಂಡತಿಗೆ ಹತ್ತಕ್ಕೆ ಹತ್ತಂತೆ ಎಂದು ಹೇಳಿ ಸಹಿ ಮಾಡಿದೆ. ಮುಕ್ಕಾಲು ಗಂಟೆ. ಒಳಗೆ ಯಂತ್ರ ನೋಡಿಕೊಂಡದ್ದು ಆ ಹುಡುಗಿ. ಮುದ್ದೆಯ ಕೆಳಗೆ ಬಿಸಿನೀರಿನ ಚೀಲ ಇಟ್ಟುಕೊಂಡು, ಎದೆಯ ಮೇಲೆ ಎರಡು ಬೆರಳಿಟ್ಟು ಪೂರ್ತಿ ಹೊತ್ತು ನಿಂತಿದ್ದವರು ಡಾಕ್ಟ್ರಮ್ಮ. ಹೊರಗೆ ತಂದಾಗ ಅದು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಅವರು ಒಂದು ಎಳೆ ಕೊತ್ತಂಬರಿಯನ್ನು ಮೂಗಿನ ಮುಂದೆ ಹಿಡಿದು ಕೂತರು. ಎಷ್ಟೋ ಹೊತ್ತಿನ ಮೇಲೆ ಮೂಗು ಅಲ್ಲಾಡಿತು. ಎಳೆ ಒಳಗೆ ಹೋಯಿತು. ಡಾಕ್ಟ್ರಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಅವತ್ತು ಮಾತ್ರ ಅವರು ಸಾಕಾಯ್ತು ಅನ್ನಲಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಫೀಡು ನಿಂತಿತು. ಬೂಸಾ ಮಾರುವ ನಾನು ದಿನಾ ಬೆಳಿಗ್ಗೆ ನಾಲೆ ಏರಿಯ ಮೇಲೆ ಗರಿಕೆ ಕಿತ್ತು ತರುತ್ತಿದ್ದೆ. ನೋಡಿದವರು "ಯಾವ ಗಣಪತಿಗೆ ಪೂಜೆ ಸಾವ್ಕಾರ" ಎಂದು ರೇಗಿಸುತ್ತಿದ್ದರು. ಎರಡು ವರ್ಷ ಚೆನ್ನಾಗಿತ್ತು.

ಮುದ್ದೆಗೆ ಹತ್ತು ತುಂಬಿದ ಮೇಲೆ ಬಂದದ್ದು ಬೇರೆ ತೊಂದರೆ. ಹಲ್ಲಿನ ಬೇರು ದವಡೆಯೊಳಕ್ಕೇ ಇಳಿದು, ಕೆಳಗೆ ಅಡಿಕೆ ಗಾತ್ರದ ಗಂಟು, ಒಳಗೆ ಕೀವು. ಒಂದು ಕಣ್ಣಲ್ಲಿ ಸದಾ ನೀರು. ಉಸಿರು ಬಿಡುವಾಗ ಪಕ್ಕೆ ಎದ್ದು ಕಾಣುತ್ತಿತ್ತು. ನಿವೃತ್ತರಾಗಿದ್ದ ಡಾಕ್ಟ್ರಮ್ಮನ ಗಂಜಾಮಿನ ಮನೆಗೆ ಹೋದೆವು. ಜಗುಲಿಯಲ್ಲಿ ಬಕೆಟ್ ಬೋರಲು ಹಾಕಿಕೊಂಡರು. ಅವರೇ ಸೊರಗಿದ್ದರು. ಕಂಕುಳಲ್ಲಿ ಕೈ ಬೆಚ್ಚಗೆ ಮಾಡಿಕೊಳ್ಳಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯಿತು. ದವಡೆ ತಡವಿದರು, ಎದೆಗೆ ಕಿವಿಗೊಟ್ಟರು. ದವಡೆ ಕೊಯ್ದು ಹಲ್ಲು ಕೀಳಬೇಕು, ಬಹಳ ಹೊತ್ತಿನ ಮತ್ತು ಬೇಕು, ಒಂದೇ ಸಲಕ್ಕೆ ಮುಗಿಯುವುದೂ ಅಲ್ಲ ಎಂದಷ್ಟೇ ಹೇಳಿದರು.

ನಾನು ಹೆಗಲ ಟವಲ್ಲು ತೆಗೆದು ಕೈ ಚಾಚಿದೆ.

"ಅವ್ರ ಕೈ ಬುಡಿ ಡಾಕ್ಟ್ರಮ್ಮ" ಅಂದಳು ಹೆಂಡತಿ. "ಮೊಲ ನಂದು. ನನ್ ಕೈಗೆ ಯೋಳಿ."

ಅವಳು ಕಿಕ್ಕೇರಿ ಕಡೆಯವಳು, ದನದ ವ್ಯಾಪಾರದ ಮನೆಯ ಮಗಳು. ಅವಳ ಅಪ್ಪ ಎಷ್ಟು ಸಂತೆಯಲ್ಲಿ ನನ್ನ ಬೆರಳು ಹಿಡಿದಿದ್ದನೋ ಲೆಕ್ಕವಿಲ್ಲ. ಅವಳಿಗೂ ಆ ಭಾಷೆ ಗೊತ್ತಿರಬಹುದು ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ನಾನು ಕಣ್ಣು ಕಣ್ಣು ಬಿಡುವುದನ್ನು ನೋಡಿ, "ಮೈಸೂರಲ್ಲಿ ಏಳು ಹಿಡಿದ್ರು. ಟವಲ್ ಅಲ್ಲಾಡಿದ್ ನೋಡೇ ಗೊತ್ತಾಯ್ತು ನಂಗೆ. ನೀವ್ ಹತ್ತಕ್ಕೆ ಹತ್ತು ಅಂದ್ರಿ" ಅಂದಳು. ಅದರಲ್ಲಿ ಕೋಪವೇನೂ ಇರಲಿಲ್ಲ.

ಡಾಕ್ಟ್ರಮ್ಮ ಬಕೆಟ್ಟು ಸರಿಸಿಕೊಂಡರು. "ಬಾ ತಾಯಿ" ಎಂದು ಪಕ್ಕಕ್ಕೆ ಕೂರಿಸಿಕೊಂಡು ಟವಲ್ಲು ಮುಚ್ಚಿದರು. ಬಟ್ಟೆಯ ಮೇಲಿನ ಅಲುಗಾಟ ನೋಡಿಯೇ ಬೆಲೆ ಓದುವವನು ನಾನು. ಅವತ್ತು ಏನೂ ಓದಲಾಗಲಿಲ್ಲ. ಬಟ್ಟೆ ಒಂದು ಸಲ ಉಬ್ಬಿ ಹಾಗೇ ನಿಂತಿತು. ಹೆಂಡತಿ "ಆಯ್ತು" ಅಂದಳು. ಟವಲ್ಲನ್ನು ನನ್ನ ಹೆಗಲಿಗೆ ಹಾಕಿ, ಬುಟ್ಟಿ ಎತ್ತಿಕೊಂಡು, "ನಡೀರಿ" ಅಂದಳು.

ಆಪರೇಷನ್ ಬೇಡವೆಂದು ಅವಳೇ ತೀರ್ಮಾನ ಮಾಡಿದಳೆಂದು ನಾನು ತಿಳಿದೆ. ದಾರಿಯುದ್ದಕ್ಕೂ ವಾದ ಮಾಡಿದೆ. ಹತ್ತಕ್ಕೆ ನಾಲ್ಕಿದ್ದರೂ ನಾನಾಗಿದ್ದರೆ ಬಿಡುತ್ತಿರಲಿಲ್ಲ, ಮೂರಿದ್ದರೂ ನೋಡೋಣ ಅನ್ನುತ್ತಿದ್ದೆ ಅಂದೆ. ಅವಳು ಬುಟ್ಟಿಯೊಳಗೆ ಕೈಯಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಡಾಕ್ಟ್ರಮ್ಮ ಬರೆದುಕೊಟ್ಟ ನೋವಿನ ಹನಿ, ಸಿರಿಂಜಿನಲ್ಲಿ ಹುಲ್ಲಿನ ಗಂಜಿ, ಹೀಗೆ ಒಂಬತ್ತು ದಿನ. ಹತ್ತನೆಯ ದಿನ ಮಧ್ಯಾಹ್ನ ಹಿತ್ತಿಲ ಗರಿಕೆಯ ಮೇಲೆ, ಬಿಸಿಲಿನಲ್ಲಿ, ಕಾಲು ಚಾಚಿಕೊಂಡು ಹೋಯಿತು. ಮೊಲ ನೆಮ್ಮದಿಯಾಗಿದ್ದಾಗ ಹಾಗೆ ಕಾಲು ಚಾಚುತ್ತದೆ ಅನ್ನುತ್ತಾರೆ.

ಡಾಕ್ಟ್ರಮ್ಮನಿಗೆ ಫೋನು ಮಾಡಿ ತಿಳಿಸಿದೆ. ಕೊನೆಗೆ ತಡೆಯಲಾರದೆ, ಅವತ್ತು ಅವಳಿಗೆ ಎಷ್ಟು ಹಿಡಿದಿರಿ ಎಂದು ಕೇಳಿದೆ. "ಇಬ್ಬರ ವ್ಯಾಪಾರದಲ್ಲಿ ಮೂರನೆಯವನು ಕೇಳಂಗಿಲ್ಲ. ನೀವೇ ಅಲ್ವ ಕಲಿಸಿದ್ದು" ಎಂದು ಫೋನಿಟ್ಟರು. ಆಮೇಲೆ ನಾಲ್ಕು ವರ್ಷ, ಯಾವುದೋ ಮಾತಿಗೆ ಮಾತು ಬಂದಾಗಲೆಲ್ಲ, ನೀನು ಹೆದರಿಕೊಂಡೆ, ಇಲ್ಲದಿದ್ದರೆ ಮುದ್ದೆ ಇನ್ನೊಂದು ವರ್ಷ ಇರುತ್ತಿತ್ತು ಎಂದು ಹೆಂಡತಿಗೆ ಅಂದಿದ್ದೇನೆ. ಒಂದು ಸಲವೂ ಅವಳು ಎದುರು ಹೇಳಲಿಲ್ಲ.

ಡೈರಿ ಕಾರ್ಯದರ್ಶಿ ಸುದ್ದಿ ಹೇಳಿದ ಕೂಡಲೇ ಅಂಗಡಿ ಬಾಗಿಲು ಹಾಕಿ ಇಬ್ಬರೂ ಗಂಜಾಮಿಗೆ ಹೋದೆವು. ಮೂರು ತಾಲ್ಲೂಕಿನ ಜನ ಬಂದಿದ್ದರು, ಹೆಚ್ಚಿನವರು ಹಾಲು ಕರೆದ ಬಟ್ಟೆಯಲ್ಲೇ. ಯಾರೋ ಹೇಳಿದರು, ಅವರಿಗೂ ಮೈಸೂರಿನ ಡಾಕ್ಟರುಗಳು ಆಪರೇಷನ್ ಅಂದಿದ್ದರಂತೆ, ಎದೆ ತಡೆಯುವುದಿಲ್ಲ, ಮನೆಗೆ ಹೋಗುತ್ತೇನೆ ಎಂದು ಎದ್ದು ಬಂದಿದ್ದರಂತೆ. ಜಗುಲಿಯ ಮೂಲೆಯಲ್ಲಿ ಬಕೆಟ್ಟು ಬೋರಲಾಗಿಯೇ ಇತ್ತು. ಅದರ ಮೇಲೆ ಯಾರೂ ಕೂತಿರಲಿಲ್ಲ.

ವಾಪಸು ಬಸ್ಸಿನಲ್ಲಿ ಕಿಟಕಿ ಪಕ್ಕ ಅವಳು, ಈ ಕಡೆ ನಾನು. ಈಗಲಾದರೂ ಹೇಳು, ಎಷ್ಟು ಹಿಡಿದಿದ್ದರು ಅಂದೆ. ಒಬ್ಬರು ಹೋದ ಮೇಲೆ ಆ ವ್ಯಾಪಾರದ ಗುಟ್ಟು ಉಳಿಯುವುದಿಲ್ಲ ಎಂದೂ ಸೇರಿಸಿದೆ. ಅವಳು ನನ್ನ ಹೆಗಲ ಟವಲ್ಲು ಎಳೆದುಕೊಂಡು ಇಬ್ಬರ ತೊಡೆಯ ಮೇಲೆ ಹರಡಿದಳು. ಕೆಳಗೆ ನನ್ನ ಕೈ ಹುಡುಕಿ ಹಿಡಿದಳು. ನಾನು ಬೆರಳು ಎಣಿಸಲು ಕಾದೆ. ಅವಳು ನನ್ನ ಐದೂ ಬೆರಳನ್ನು ಒಂದೊಂದಾಗಿ ಒಳಕ್ಕೆ ಮಡಿಸಿ, ಮುಷ್ಟಿಯ ಮೇಲೆ ತನ್ನ ಕೈ ಮುಚ್ಚಿದಳು.

ಅವತ್ತು ಅವರು ನಿನ್ನ ಮುಷ್ಟಿ ಮುಚ್ಚಿದ್ದನ್ನು ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಯೋಳಿದ್ರೆ ನೀವು ಸುಮ್ಕಿರ್ತಿದ್ರಾ. ಅವ್ರ ಮನೆ ಬಾಗ್ಲಿಗೇ ಚೌಕಾಸಿಗೆ ಹೋಗ್ತಿದ್ರಿ" ಅಂದಳು. "ಪಾಪ, ಅವ್ರಿಗೂ ಸಾಕಾಗಿತ್ತು."

ಕಂಡಕ್ಟರು ಬಂದು ನಿಂತ. ಹೆಂಗಸರಿಗೆ ಫ್ರೀ, ಕಾಸು ತೆಗೆಯಬೇಕಾದವನು ನಾನೊಬ್ಬನೇ. ಟವಲ್ಲಿನ ಕೆಳಗೆ ಮುಚ್ಚಿದ ಕೈಯನ್ನು ಬಿಡಿಸಿಕೊಳ್ಳಲು ಆಗಲಿಲ್ಲ.

"ಎಲ್ಲಿಗೆ ಯಜಮಾನ್ರೆ?"

"ಮನೆಗೆ" ಅಂದೆ.